ಟೀಚರ್ ಕಾಫಿ

ಕಳಸದ ಹತ್ತಿರದ ಸಂಸೆಗೆ ಬಂದ ಮೊದಲ ವಾರವೇ ನನ್ನನ್ನು ಹಾಡಹಗಲಿನಲ್ಲಿ ಜೀಪಿಗೆ ಹಾಕಿಕೊಂಡು ಹೋದರು. ಬಾಡಿಗೆ ಮನೆಯಿಂದ ಹೈಸ್ಕೂಲಿಗೆ ನಡೆದು ಹೊರಟಿದ್ದೆ. ತಿರುವಿನಲ್ಲಿ ಹಿಂದಿನಿಂದ ಬಂದ ಜೀಪೊಂದು ಸೆರಗಿಗೆ ತಾಗುವಷ್ಟು ಹತ್ತಿರ ನಿಂತಿತು. ದಪ್ಪ ಮೀಸೆಯವರೊಬ್ಬರು ಇಳಿದು ಬಂದು, ನನ್ನ ಕೈಯಿಂದ ಬ್ಯಾಗು ತೆಗೆದು ಹಿಂದಿನ ಸೀಟಿನಲ್ಲಿಟ್ಟು, "ಹತ್ತಿ" ಅಂದರು.

"ಯಾಕ್ರೀ?" ಅಂದೆ.

"ಬಸ್ ತಪ್ಪಿತಲ್ಲ ಮಾರಾಯ್ರೆ, ಹತ್ತಿ. ನೀವು ನಡೆಯೋದು, ನಾವು ಜೀಪಲ್ಲಿ ಕೂತು ನೋಡ್ಕೊಂಡು ಹೋಗೋದಾ? ಎಂತ ಮರ್ಯಾದೆ ಅದು?"

ನಮ್ಮ ಬಿಜಾಪುರದ ಕಡೆ ಹೀಗೇನಾದರೂ ಆಗಿದ್ದರೆ ಅರ್ಧ ಓಣಿ ಬಡಿಗೆ ಹಿಡಿದು ಬರುತ್ತಿತ್ತು. ಇಲ್ಲಿ ರಸ್ತೆ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ನಕ್ಕು ಕೈ ಬೀಸಿದರು. ಬ್ಯಾಗಿನಲ್ಲಿ ನನ್ನ ಬುತ್ತಿ ಇತ್ತು, ಕನ್ನಡಕ ಇತ್ತು. ಬ್ಯಾಗಿನ ಹಿಂದೆ ನಾನೂ ಹತ್ತಿದೆ. ಅವರು ಶಾಲೆಯ ಗೇಟಿನ ಮುಂದೆ ಇಳಿಸಿ, ಹೆಸರನ್ನೂ ಕೇಳದೆ ಹೋದರು. ನಾಗಪ್ಪ ಗೌಡರು ಎಂದು, ಮೇಲಿನ ಕಾಫಿ ತೋಟದವರು ಎಂದು ಆಮೇಲೆ ಗೊತ್ತಾಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನೌಕರಿ ಸಿಕ್ಕಿದ್ದು ಇಲ್ಲಿ, ಹಾಗಾಗಿ ಇಲ್ಲಿಗೆ ಬಂದೆ. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡು ವರ್ಷವಾಗಿತ್ತು, ತಮ್ಮನಿಗೆ ಅವನ ಸಂಸಾರವಿತ್ತು. ನಮ್ಮೂರಿನಲ್ಲಿ ಯಾರಾದರೂ ಬರುತ್ತಿದ್ದರೆ ಅರ್ಧ ಗಂಟೆ ಮೊದಲೇ ಕಾಣಿಸುತ್ತಾರೆ. ಬಯಲು ಅಂದರೆ ಬಯಲು. ಇಲ್ಲಿ ಮನುಷ್ಯ ಎದುರಿಗೆ ಬಂದು ಕೆಮ್ಮಿದಾಗಲೇ ಕಾಣುವುದು. ಗುಡ್ಡ, ಗುಡ್ಡದ ಹಿಂದೆ ಗುಡ್ಡ. ಪಕ್ಕದ ಮನೆ ಅಂದರೆ ಮೇಲೋ ಕೆಳಗೋ ಒಂದು ದೀಪ. ಸಂಜೆ ಕಟ್ಟೆಯ ಮೇಲೆ ಕೂತು ಹರಟುವ ಊರಿನಿಂದ ಬಂದವಳಿಗೆ ಕಟ್ಟೆಯೂ ಇಲ್ಲ, ಹರಟೆಯೂ ಇಲ್ಲ. ಮೊದಲ ಮಳೆಗಾಲದಲ್ಲಿ ಎಷ್ಟೋ ಸಂಜೆ ಅತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅದಕ್ಕಿಂತ ಹೆಚ್ಚು ಅತ್ತದ್ದು ರೊಟ್ಟಿಗಾಗಿ. ಇಲ್ಲಿ ಬೆಳಿಗ್ಗೆ ಕಡುಬು, ಅದೂ ಅಕ್ಕಿಯದು. ರೊಟ್ಟಿ ಅಂದರೆ ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ತಮ್ಮ ಬಸ್ಸಿನಲ್ಲಿ ಜೋಳದ ಹಿಟ್ಟು ಕಳಿಸುತ್ತಿದ್ದ. ಡಬ್ಬಿ ಎಷ್ಟು ಬಿಗಿಯಾಗಿ ಮುಚ್ಚಿದರೂ ಆಷಾಢದ ತೇವಕ್ಕೆ ಹಿಟ್ಟು ಗಂಟು ಕಟ್ಟಿ, ಹಸಿರು ಬೂಷ್ಟು ಹಿಡಿಯುತ್ತಿತ್ತು. ಅದನ್ನು ತಿಪ್ಪೆಗೆ ಸುರಿಯುವಾಗ ಹೊಟ್ಟೆ ಉರಿಯುತ್ತಿತ್ತು.

ಮನೆಯ ಒಡತಿ ಸರೋಜಮ್ಮ ಮೇಲಿನ ಮನೆಯಲ್ಲಿದ್ದರು. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ ಇದ್ದವರು. ನಾನು ಸೊಪ್ಪು ಸೊಪ್ಪು ಎಂದು ಗೋಳಾಡುವುದು ಕೇಳಿ, "ಸೊಪ್ಪಿಗೆ ಎಂತ ಬರ? ಕೊಟ್ಟಿಗೆ ಹಿಂದೆ ಕೆಸ ಉಂಟಲ್ಲ, ಕುಯ್ಕೊಳ್ಳಿ" ಅಂದರು. ಕುಯ್ದುಕೊಂಡೆ. ನಮ್ಮ ಪುಂಡಿ ಪಲ್ಯ ಮಾಡಿದಂತೆ ನುಚ್ಚು, ಬೆಳ್ಳುಳ್ಳಿ ಹಾಕಿ ಕುದಿಸಿದೆ. ಪುಂಡಿ ಸೊಪ್ಪು ತಾನೇ ಹುಳಿ. ಹಾಗಾಗಿ ನಮ್ಮ ಕೈ ಹುಣಸೆಹಣ್ಣಿನ ಕಡೆ ಹೋಗುವುದೇ ಇಲ್ಲ. ಕೆಸಕ್ಕೆ ಹುಳಿ ಬೀಳದಿದ್ದರೆ ಏನಾಗುತ್ತದೆ ಎನ್ನುವುದು ಎರಡನೆಯ ತುತ್ತಿಗೆ ತಿಳಿಯಿತು. ಗಂಟಲೊಳಗೆ ಸಾವಿರ ಇರುವೆ ಹರಿದಂತೆ ತುರಿಕೆ. ಸತ್ತೆ ಎಂದುಕೊಂಡು ಮೇಲಿನ ಮನೆಗೆ ಓಡಿದೆ. ಸರೋಜಮ್ಮ ಹುಣಸೆಹುಳಿ ಬಾಯಿಗಿಟ್ಟು, ನಾನು ಸುಧಾರಿಸಿಕೊಂಡ ಮೇಲೆ ಕಂಬ ಹಿಡಿದುಕೊಂಡು ನಕ್ಕರು. ಆ ನಗು ಮುಗಿಯುವ ಹೊತ್ತಿಗೆ ನಾವು ಸ್ನೇಹಿತೆಯರಾಗಿದ್ದೆವು.

ಆದರೆ ನಾನು ಹೇಳಬೇಕಾದದ್ದು ಕೆಸದ ಕಥೆಯಲ್ಲ, ಸಕ್ಕರೆಯ ಕಥೆ.

ಬಂದ ಎರಡು ವರ್ಷಕ್ಕೆ ದಪ್ಪಗಾದೆ. ಬಾಯಾರಿಕೆ, ಸುಸ್ತು. ಆಮೇಲೊಂದು ದಿನ ತರಗತಿಯ ಹಿಂದಿನ ಬೆಂಚಿನ ಬಳಿ ನಿಂತು ನೋಡಿದರೆ, ಹಲಗೆಯ ಮೇಲೆ ನಾನೇ ಬರೆದ ಅಕ್ಷರ ಕಲಸಿಹೋದಂತೆ ಕಂಡಿತು. ನಮ್ಮವ್ವನಿಗೆ ಹೀಗೆಯೇ ಶುರುವಾಗಿತ್ತು. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದುಹಾಕಿತ್ತು. ಕೊನೆಯ ವರ್ಷಗಳಲ್ಲಿ ಹೆಜ್ಜೆಯ ಸದ್ದು ಕೇಳಿ "ಯಾರು, ತಂಗೀನಾ?" ಎನ್ನುತ್ತಿದ್ದಳು. ಚಿಕ್ಕಮಗಳೂರಿನ ವೈದ್ಯರು ರಕ್ತ ನೋಡಿ, ತಾಯಿಯ ವಿಷಯ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗುಳಿಗೆ ಕೊಡ್ತೀನಿ. ಆದ್ರೆ ಅನ್ನ ಅರ್ಧ ಆಗ್ಬೇಕು, ಸಕ್ಕರೆ ಪೂರ್ತಿ ನಿಲ್ಬೇಕು, ದಿನಾ ನಡೀಬೇಕು. ಇಲ್ಲದಿದ್ರೆ ಕಣ್ಣಿನ ಮಾತು ನಾನು ಹೇಳೋಕಾಗಲ್ಲ."

ನಡೆಯುವುದೇನು ಮಹಾ, ಎಂದುಕೊಂಡೆ. ಇಲ್ಲಿ ನಡೆಯುವುದಕ್ಕೆ ಬಿಡಬೇಕಲ್ಲ! ಈ ಮಲೆಯಲ್ಲಿ ನಡೆಯುವವರು ಅಂದರೆ ಬಸ್ಸು ತಪ್ಪಿದವರು. ಬೇರೆ ಕಾರಣಕ್ಕೆ ಮನುಷ್ಯ ನಡೆಯುತ್ತಾನೆ ಎಂದು ಯಾರಿಗೂ ಹೊಳೆಯುವುದಿಲ್ಲ. ಜೀಪು ನಿಲ್ಲುತ್ತದೆ, ಪಿಕಪ್ ನಿಲ್ಲುತ್ತದೆ, ಹಾಲಿನ ವ್ಯಾನು ನಿಲ್ಲುತ್ತದೆ. "ಬ್ಯಾಡ್ರೀ, ನಾ ನಡಕೋತ ಹೋಗ್ತೀನಿ" ಅಂದರೆ ಅವರ ಮುಖ ಸಣ್ಣಗಾಗುತ್ತದೆ. ನಮ್ಮ ಗಾಡಿ ಇವರಿಗೆ ಆಗಲಿಲ್ಲವೇನೋ ಎಂದು ಕೊರಗುತ್ತಾರೆ. ಕಳ್ಳಿಯಂತೆ ಗಾಡಿಯ ಸದ್ದು ಕೇಳಿದಾಗ ಮರದ ಮರೆಗೆ ನಿಲ್ಲುವುದನ್ನೂ ಮಾಡಿ ನೋಡಿದೆ. ಅಲ್ಲಿ ಜಿಗಣೆ ಹತ್ತಿತು.

ಇನ್ನು ಕಾಫಿ. ಕಾಫಿ ಬೆಳೆಯುವವರ ಮನೆಯಲ್ಲಿ ಕಾಫಿ ಬೇಡ ಎನ್ನುವಂತಿಲ್ಲ. ಮಕ್ಕಳ ಮನೆಗೆ ಹೋದರೆ ಹೊಸಿಲು ದಾಟುವ ಮೊದಲೇ ಒಲೆಯ ಮೇಲೆ ನೀರಿಡುತ್ತಾರೆ. "ಸಕ್ಕರೆ ಹಾಕಬ್ಯಾಡ್ರೀ" ಎಂದು ಒಂದು ಮನೆಯಲ್ಲಿ ಧೈರ್ಯ ಮಾಡಿ ಹೇಳಿದೆ. ಆ ತಾಯಿ ಮುಖವರಳಿಸಿ ಲೋಟ ತಂದಳು. ಒಂದು ಗುಟುಕು ಕುಡಿದರೆ ಪಾನಕ. "ಸಕ್ಕರೆ ಬೇಡ ಅಂದ್ರಲ್ಲ ಟೀಚರೇ, ಅದಕ್ಕೆ ಬೆಲ್ಲ ಹಾಕಿದೆ. ಎರಡು ಅಚ್ಚು!" ಹೇಗೆ ಕೋಪಿಸಿಕೊಳ್ಳುವುದು? ಈ ಊರಿನ ಪ್ರೀತಿಯೇ ನನ್ನ ರಕ್ತಕ್ಕೆ ಸಕ್ಕರೆಯಾಗಿ ಇಳಿಯುತ್ತಿತ್ತು.

ಕಾಯಿಲೆ ಇದೆ ಎಂದು ಹೇಳಿಬಿಡಬಹುದಿತ್ತು. ಹೇಳಲಾಗಲಿಲ್ಲ. ಒಂಟಿ ಹೆಂಗಸು, ಹೊರಗಿನಿಂದ ಬಂದವಳು, ಮೇಲಾಗಿ ರೋಗಿಷ್ಟೆ ಎನಿಸಿಕೊಳ್ಳುವುದು ಬೇಡವಾಗಿತ್ತು. ಮರುಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ. ವೈದ್ಯರು ಬೈಯಲಿಲ್ಲ, ಕಣ್ಣಿನ ವೈದ್ಯರ ಹತ್ತಿರ ಹೋಗಲು ದಿನ ಗೊತ್ತುಮಾಡಿದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಆ ವರ್ಷ ಕಾಫಿ ಕುಯ್ಲು ಮುಗಿದಾಗ ಸರೋಜಮ್ಮನ ಮನೆಯಲ್ಲಿ ಊಟವಿಟ್ಟಿದ್ದರು. ಎದುರು ಪಂಕ್ತಿಯಲ್ಲಿ ನಾಗಪ್ಪ ಗೌಡರು. ಅವರ ಹೆಂಡತಿ ಬಡಿಸುವುದಕ್ಕೆ ಕೈ ಹಾಕಿದ್ದರು. ಸರೋಜಮ್ಮ ಪಾಯಸದ ಪಾತ್ರೆ ಹಿಡಿದು ಬಂದರು. ಎಲೆಯ ಮೇಲಿನ ದೊನ್ನೆಗೆ ಎರಡೂ ಕೈ ಅಡ್ಡ ಹಿಡಿದೆ.

"ಒಂಚೂರು."

"ಬ್ಯಾಡ್ರೀ ಸರೋಜಮ್ಮ."

"ನಂಗೋಸ್ಕರ ಟೀಚರೇ. ನೀವು ತಿನ್ನದಿದ್ರೆ ನಂಗೆ ಊಟ ಇಳಿಯೋದಿಲ್ಲ." ನನ್ನ ಬೆರಳ ಸಂದಿಯಿಂದಲೇ ಒಂದು ಸೌಟು ಸುರಿದರು.

ಬಿಸಿ ಪಾಯಸ ಬೆರಳಿಗೆ ತಾಗಿತೋ, ಎಷ್ಟೋ ದಿನದಿಂದ ಒತ್ತಿಟ್ಟದ್ದು ಒಡೆಯಿತೋ, ನನ್ನ ದನಿ ಪಂಕ್ತಿಯ ತುದಿಯವರೆಗೂ ಕೇಳುವಂತೆ ಏರಿತು. "ನಮ್ಮವ್ವನ ಕಣ್ಣು ಇದರಿಂದನ ಹೋದೂವ್ರೀ! ನನಗೂ ಸಕ್ಕರಿ ಬ್ಯಾನಿ ಐತಿ. ನಾ ಓದಬೇಕು, ಹುಡುಗೂರಿಗೆ ಓದಸಬೇಕು. ನನಗ ನನ್ನ ಕಣ್ಣು ಬೇಕ್ರೀ!"

ಎಲ್ಲರ ಕೈ ಎಲೆಯ ಮೇಲೇ ನಿಂತಿತು. ಸರೋಜಮ್ಮನ ಸೌಟು ಗಾಳಿಯಲ್ಲಿತ್ತು. ಎದ್ದು ಹೋಗಿ ಸಾಮಾನು ಕಟ್ಟಿ, ಸಿಕ್ಕಿದ ಬಸ್ಸು ಹತ್ತಿಬಿಡಬೇಕು ಅನ್ನಿಸಿತು. ಆಗ ಎದುರಿನ ಪಂಕ್ತಿಯಲ್ಲಿ ನಾಗಪ್ಪ ಗೌಡರು ತಮ್ಮ ಪಾಯಸದ ದೊನ್ನೆಯನ್ನು ಮೆಲ್ಲಗೆ ಎಲೆಯಿಂದ ಆಚೆ ಸರಿಸಿದರು.

"ನಂಗೂ ಉಂಟು ಟೀಚರೇ," ಅಂದರು. ಅಷ್ಟು ದೊಡ್ಡ ಮೀಸೆಯ ಹಿಂದಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅವರ ಹೆಂಡತಿ ಸಾರಿನ ಪಾತ್ರೆ ಕೆಳಗಿಟ್ಟರು. "ಎಂತ? ಯಾವಾಗಿಂದ? ನಿನ್ನೆ ಹೋಳಿಗೆಗೆ ತುಪ್ಪ ಸಾಲದು ಅಂತ ಗಲಾಟೆ ಮಾಡಿದ್ರಲ್ಲ!"

ಯಾರೋ ಕಿಸಕ್ಕೆಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ಅಳುತ್ತಲೇ ನಕ್ಕೆ. ಸರೋಜಮ್ಮ ನನ್ನ ಎಲೆ ಎತ್ತಿಕೊಂಡು ಹೋಗಿ ಬೇರೆ ಎಲೆ ಹಾಕಿ, ಬಾಳೆದಿಂಡಿನ ಪಲ್ಯವನ್ನು ಗುಡ್ಡೆಯಾಗಿ ಬಡಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಅಡಗಲಿಲ್ಲ. ಜೀಪು ನಿಂತಿತು, ಗೌಡರು ಇಳಿದರು. ಅಭ್ಯಾಸಬಲದಿಂದ ಬ್ಯಾಗು ಕೊಟ್ಟೆ, ಅದನ್ನು ಸೀಟಿನಲ್ಲಿಟ್ಟರು. ಆದರೆ "ಹತ್ತಿ" ಅನ್ನಲಿಲ್ಲ. ಪಂಚೆ ಎತ್ತಿ ಕಟ್ಟಿ, "ನಡೀರಿ" ಅಂದರು. ನಾವಿಬ್ಬರೂ ನಡೆದೆವು. ಹಿಂದೆ ಡ್ರೈವರು ಖಾಲಿ ಜೀಪನ್ನು ಆಮೆಯಂತೆ ತರುತ್ತಿದ್ದ. ಎದುರಿಗೆ ಬಂದವರೆಲ್ಲ "ಎಂತ ಗೌಡ್ರೇ, ಜೀಪು ಕೆಟ್ಟಿತಾ?" ಎಂದು ಕೇಳುವವರೇ. "ಜೀಪು ಸರಿ ಉಂಟು, ನಾವೇ ಕೆಟ್ಟಿದ್ದು" ಎಂದು ಗೌಡರು ಉತ್ತರಿಸುತ್ತಿದ್ದರು. ತಿಂಗಳಾಗುವಷ್ಟರಲ್ಲಿ ಸರೋಜಮ್ಮ ಸೇರಿದರು, ಗೌಡರ ಹೆಂಡತಿ ಗಂಡನನ್ನು ಕಾಯಲು ಸೇರಿದರು, ಮಂಡಿ ನೋವಿನವರು, ಬಿಪಿಯವರು, ಸುಮ್ಮನೆ ಮಾತು ಬೇಕಾದವರು ಸೇರಿದರು. ನಮ್ಮೂರಿನ ಕಟ್ಟೆ ನನಗೆ ಇಲ್ಲಿ ಸಿಕ್ಕಿತು. ಕೂರುವ ಬದಲು ನಡೆಯುವ ಕಟ್ಟೆ, ಅಷ್ಟೇ ವ್ಯತ್ಯಾಸ.

ದಾರಿಯಲ್ಲೇ ಊಟದ ಪಾಠವೂ ಆಗುತ್ತಿತ್ತು. ಬದುವಿನಲ್ಲಿ ಒಂದೆಲಗ ಕಂಡರೆ ಸರೋಜಮ್ಮ ಬಗ್ಗಿ ಕೀಳುತ್ತಿದ್ದರು, ಮಧ್ಯಾಹ್ನಕ್ಕೆ ಅದರ ತಂಬುಳಿ. ಸೊಪ್ಪನ್ನು ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ, ಕುದಿಸುವ ಕೆಲಸವೂ ಇಲ್ಲ. ನಾನು ಅವರಿಗೆ ನಮ್ಮ ಕಡೆಯಂತೆ ಹಸಿ ಮೆಂತ್ಯ, ಸೌತೆಕಾಯಿ, ಉಳ್ಳಾಗಡ್ಡಿಯನ್ನು ಶೇಂಗಾ ಪುಡಿಯೊಂದಿಗೆ ತಿನ್ನಲು ಕಲಿಸಿದೆ. "ದನದ ಹಾಗೆ ಹಸಿ ಸೊಪ್ಪು ತಿನ್ನೋದಾ?" ಎಂದವರು ಆಮೇಲೆ ಶೇಂಗಾ ಪುಡಿಗೆ ಡಬ್ಬಿ ಕಳಿಸಿದರು. ಬೇಸಿಗೆಯಲ್ಲಿ ಜೋಳದ ಹಿಟ್ಟು ಬಂದಾಗ ಹಂಚಿದೆ. ಗೌಡರ ಹೆಂಡತಿಗೆ ರೊಟ್ಟಿ ಬಡಿಯಲು ಇವತ್ತಿಗೂ ಬರುವುದಿಲ್ಲ. ಅವರ ರೊಟ್ಟಿಯಲ್ಲಿ ಭಾರತದ ನಕಾಶೆ ಕಾಣುತ್ತದೆ.

ಕಾಫಿಯ ತೊಂದರೆ ಪರಿಹಾರವಾದದ್ದು ತಾನಾಗಿ. ಗೌಡರಿಗೆ ನಾಲ್ಕು ಜನರ ಮುಂದೆ "ನಂಗೆ ಸಕ್ಕರೆ ಇಲ್ಲದ್ದು ಕೊಡಿ" ಎನ್ನಲು ಸಂಕೋಚ. ಒಂದು ಮನೆಯಲ್ಲಿ ನನ್ನ ಸಕ್ಕರೆಯಿಲ್ಲದ ಲೋಟ ತೋರಿಸಿ, "ನಂಗೂ ಆ ಟೀಚರ್ ಕಾಫಿನೇ ಕೊಡಿ" ಅಂದರು. ಅಲ್ಲಿಂದ ಅದಕ್ಕೆ ಅದೇ ಹೆಸರಾಯಿತು. ಕಾಯಿಲೆಯ ಹೆಸರು ಎತ್ತುವ ಅಗತ್ಯವೇ ಉಳಿಯಲಿಲ್ಲ.

ಕಣ್ಣಿನ ವೈದ್ಯರ ದಿನ ಬಂತು. ಚಿಕ್ಕಮಗಳೂರಿಗೆ ಒಬ್ಬಳೇ ಹೋದೆ. ಕಣ್ಣಿಗೆ ಹನಿ ಹಾಕಿ, ಕತ್ತಲ ಕೋಣೆಯಲ್ಲಿ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ನಾನು ಅವ್ವನನ್ನು ನೆನೆಯುತ್ತ ಕುರ್ಚಿಯ ಕೈ ಹಿಡಿದಿದ್ದೆ. "ಹಿಂದಿನ ಪರದೆ ಚೆನ್ನಾಗಿದೆಯಮ್ಮ, ಏನೂ ಆಗಿಲ್ಲ. ಆಗ ಮಸುಕಾದದ್ದು ಸಕ್ಕರೆ ಏರಿದ್ದರಿಂದ. ಸಕ್ಕರೆ ಸಹ ಹಿಡಿತಕ್ಕೆ ಬಂದಿದೆ. ವರ್ಷಕ್ಕೊಮ್ಮೆ ಬಂದು ತೋರಿಸಿ" ಅಂದರು. ಅವರ ಎದುರೇ ಅತ್ತೆ. ಹಗುರವಾಗುವುದು ಅಂದರೆ ಏನೆಂದು ಆ ದಿನ ಮೈಗೆ ತಿಳಿಯಿತು.

ತಮಾಷೆ ಏನೆಂದರೆ, ಕಣ್ಣು ಸರಿಯಿದೆ ಎಂದು ತಿಳಿದ ದಿನವೇ ನನಗೆ ಏನೂ ಕಾಣಿಸುತ್ತಿರಲಿಲ್ಲ. ಹನಿಯ ಪ್ರಭಾವ ಇಳಿಯಲು ಹೊತ್ತು ಬೇಕು ಎಂದಿದ್ದರು. ಕಂಡಕ್ಟರನ ಮುಖ ಮಸುಕು, ಬೋರ್ಡುಗಳೆಲ್ಲ ಮಸುಕು. ಕಳಸದಲ್ಲಿ ಇಳಿದು ಬಸ್ ನಿಲ್ದಾಣದ ಹೋಟೆಲಿಗೆ ತಡವರಿಸಿಕೊಂಡು ಹೋಗಿ ಕುಳಿತೆ. ಅವ್ವನಂತೆ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಬೆನ್ನ ಹಿಂದಿನ ಮೇಜಿನಿಂದ ಒಂದು ಗಂಡು ದನಿ ಬಂತು. ನನಗೆ ಪರಿಚಯವಿಲ್ಲದ ದನಿ.

"ಭಟ್ರೇ, ನಂಗೆ ಒಂದು ಟೀಚರ್ ಕಾಫಿ."

"ಟೀಚರ್ ಒಂದು!" ಎಂದು ಭಟ್ಟರು ಒಳಗೆ ಕೂಗಿದರು. ಯಾರು ಟೀಚರ್ ಎಂದು ಅವರಿಬ್ಬರಿಗೂ ಗೊತ್ತಿದ್ದಂತಿರಲಿಲ್ಲ. ನಾನು ತಿರುಗಿ ನೋಡಿದೆ. ಮಸುಕಿನಲ್ಲಿ ಒಂದು ಬಿಳಿ ಅಂಗಿ ಮಾತ್ರ ಕಂಡಿತು.

ಇದೆಲ್ಲ ಆಗಿ ಈಗ ಕೆಲವು ವರ್ಷ. ಬೇಸಿಗೆ ರಜೆಗೆ ಊರಿಗೆ ಬಂದಾಗಲೆಲ್ಲ ಊರಿನವರು ನೀವೆಲ್ಲ ಕೇಳುತ್ತೀರಿ, "ಅಲ್ಲಿ ಅಂಥಾದ್ದೇನೈತಿ? ವರ್ಗ ಮಾಡಿಸಿಕೊಂಡು ಬಂದುಬಿಡು." ತಮ್ಮನಂತೂ ಪ್ರತಿ ಫೋನಿನಲ್ಲೂ ಕೇಳುತ್ತಾನೆ. ನನಗೂ ಊರು ಬೇಡವಾಗಿಲ್ಲ. ಬಿಸಿ ರೊಟ್ಟಿಯ ವಾಸನೆಗೆ ಇವತ್ತಿಗೂ ಕಣ್ಣು ತುಂಬುತ್ತದೆ. ಆದರೆ ಹೋದ ಬೇಸಿಗೆಯಲ್ಲಿ ಬೆಳಿಗ್ಗೆ ಊರ ಹೊರಗಿನ ನೇರ ರಸ್ತೆಯಲ್ಲಿ ನಡೆಯಲು ಹೋದೆ. ಟ್ರ್ಯಾಕ್ಟರು ಹೋಯಿತು, ಟಂಟಂ ಆಟೋ ಹೋಯಿತು, ಒಂದೂ ನಿಲ್ಲಲಿಲ್ಲ. ನನಗೆ ಬೇಕಾದದ್ದೂ ಅದೇ. ಆದರೂ ಯಾಕೋ ಬೇಸರವಾಯಿತು, ಪ್ರತಿ ಸದ್ದಿಗೂ ತಿರುಗಿ ನೋಡಿದೆ.

ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ಯೋಚಿಸದೆ, "ಒಂದು ಟೀಚರ್ ಚಾ ಕೊಡ್ರೀ" ಅಂದುಬಿಟ್ಟೆ.

ಹೋಟೆಲಿನವ ನನ್ನ ಕಡೆ, ಆಮೇಲೆ ಬಾಗಿಲ ಕಡೆ ನೋಡಿದ. "ಟೀಚರ್‌ಗೇನ್ರೀ? ಎಲ್ಲದಾರ ಅವರು, ಇನ್ನೂ ಬರಬೇಕೇನು?"

"ಹೌದ್ರೀ," ಅಂದೆ, "ಇನ್ನೂ ಬರಬೇಕು."