ಪಾಳು ಚರ್ಚಿನ ಕೆಳಗೆ ಸತ್ತದ್ದು

ಕುಣಿಗಲ್ಲಿನ ನಮ್ಮ ಕಚೇರಿಯವರು ನಾಟಕವಾಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಕೊಲೆಯ ದೃಶ್ಯಕ್ಕೆ ಪಾಳುಗುಡಿಯ ಪರದೆ ಬೇಕೆಂದು ಗುಬ್ಬಿಗೆ ಹೇಳಿಕಳಿಸಿದ್ದೆವು. ಬಂದದ್ದು ಪಾಳು ಚರ್ಚು. ಅದನ್ನು ಬರೆದ ಮುದುಕರೇ ಕಟ್ಟಲು ಜೊತೆಗೆ ಬಂದಿದ್ದರು. ಅವರು ಜನ್ಮದಲ್ಲಿ ಪಾಳು ಚರ್ಚು ಕಂಡವರಲ್ಲ. ಯಾವುದೋ ವಿಲಾಯತಿ ಕ್ಯಾಲೆಂಡರ್ ನೋಡಿ ಬರೆದು, ಗೋಡೆಯ ಬಿರುಕಿನಲ್ಲಿ ನಮ್ಮ ಕಡೆಯ ಅರಳಿ ಸಸಿಯೊಂದನ್ನು ನೆಟ್ಟಿದ್ದರು.

“ಚೆನ್ನಾಗಿರೋ ಚರ್ಚು ಬರೆದ್ರೆ ಜನ ಬಾಗ್ಲು ನೋಡ್ತಾರೆ ಸ್ವಾಮಿ. ಬಿದ್ದಿರೋದ್ ಬರೆದ್ರೆ ಆಕಾಶ ನೋಡ್ತಾರೆ,” ಎಂದರು. ಬಿದ್ದ ಮೇಲೆ ಯಾವ ದೇವರದಾದರೇನು ಎಂದು ನಾವೂ ಒಪ್ಪಿದೆವು.

ನನ್ನದು ಘನವಾದ ಪಾತ್ರ: ಹೆಣ. ಒಂದು ಮಾತಾಡಿ, ಗುಂಡು ತಿಂದು, ಅಂಗಾತ ಬೀಳುವುದು. ಮುಂದಿನ ಶೋಕವೆಲ್ಲ ತುಮಕೂರಿನ ಉಪ್ಪಾರಹಳ್ಳಿಯಿಂದ ಕರೆಸಿದ್ದ ನಾಯಕಿಯದು. ಸಂಜೆ, ಶಾಲೆಯ ಮೈದಾನದಲ್ಲಿ, ಶಾಸ್ತ್ರೋಕ್ತವಾಗಿ ಸತ್ತೆ. ತಲೆ ಪರದೆಯ ಬುಡಕ್ಕಿತ್ತು. ಆಕೆ ಪಕ್ಕದಲ್ಲಿ ಕೂತು ಅಳುತ್ತಿರುವಾಗ ಅರೆಗಣ್ಣು ಬಿಟ್ಟೆ. ಮೇಲೆ ಮುರಿದ ಕಮಾನು, ಅದರಾಚೆ ನೀಲಿ. ಚೆಲುವೆಂದರೆ ಚೆಲುವು. ಕಲ್ಲುಗಳು ನನ್ನತ್ತಲೇ ವಾಲಿದಂತಿದ್ದವು; ಎಂಥಾ ಕೈ ಈ ಮುದುಕರದು ಅಂದುಕೊಂಡೆ. ಕಮಾನು ಇನ್ನೊಂದಿಷ್ಟು ವಾಲಿತು. ಆಗ ಕಂಡಿತು: ಪರದೆ ತೂಗುಹಾಕಿದ್ದ ತೊಡೆಗಾತ್ರದ ಬೊಂಬಿನ ಒಂದು ತುದಿಯಲ್ಲಿ ಹಗ್ಗ ಜಾರುತ್ತಿತ್ತು.

ಹೆಣ ಬೆವರಿತು. ತುಟಿ ಅಲ್ಲಾಡಿಸದೆ, “ಮೇಡಂ, ಚರ್ಚು ಬೀಳ್ತಾ ಇದೆ,” ಅಂದೆ.

ಆಕೆ ಬಿಕ್ಕುತ್ತಲೇ, “ಅದು ಬಿದ್ದಿರೋದೇ ಅಲ್ವಾ ಸಾರ್? ಸುಮ್ನೆ ಸಾಯಿರಿ,” ಅಂದರು.

ಮುಂದಿನ ಸಾಲಿನಲ್ಲಿ ಮೇಲಧಿಕಾರಿಗಳು. ಸಾವು ಕೆಡಿಸಿದರೆ ಮಾನ ಹೋಗುತ್ತದೆ, ಕೆಡಿಸದಿದ್ದರೆ ಪ್ರಾಣ. ಪಾಳು ಕಟ್ಟಡದ ಸೊಬಗೆಲ್ಲ ಕುರ್ಚಿಯಲ್ಲಿ ಕೂತವರಿಗೆ ಎಂಬುದು ನನಗೆ ಹೊಳೆದದ್ದು ಆಗಲೇ. ಹಗ್ಗ ಕಿರ್ರ್ ಅಂದಿತು. ಆಕೆಯ ಕೈ ಹಿಡಿದೆಳೆದುಕೊಂಡು ಉರುಳಿದೆ. ನನ್ನ ತಲೆ ಇದ್ದ ಜಾಗಕ್ಕೇ ಬೊಂಬು ಬಂದು ಬಡಿಯಿತು. ಚರ್ಚು ಮಡಿಚಿಕೊಂಡು ಕೂತಿತು.

ಜನ ಚಪ್ಪಾಳೆ ತಟ್ಟಿದರು. ಮುದುಕರು ಓಡಿಬಂದು ಮೊದಲು ಅರಳಿ ಸಸಿಯನ್ನು ಮುಟ್ಟಿ ನೋಡಿದರು, ಆಮೇಲೆ ನನ್ನನ್ನು. “ಏನೂ ಆಗಿಲ್ಲ ಬುಡಿ ಸ್ವಾಮಿ,” ಅಂದು ಅದೇ ಬೊಂಬನ್ನು ಅದೇ ಹಗ್ಗದಲ್ಲಿ ಎತ್ತಿ ಕಟ್ಟಿದರು. ನಾಟಕ ನಿಲ್ಲುವ ಹಾಗಿಲ್ಲವಲ್ಲ. ನಾನು ಮತ್ತೆ ಅಲ್ಲೇ ಮಲಗಬೇಕಾಯಿತು. ಪಕ್ಕಕ್ಕೆ ಸರಿದರೆ ಮುಖಕ್ಕೆ ಲೈಟು ಬೀಳುತ್ತಿರಲಿಲ್ಲ. ಎರಡನೆಯ ಸಲ ಸತ್ತಾಗ ಕಣ್ಣು ಪೂರ್ತಿ ತೆರೆದೇ ಇದ್ದೆ. ನಾಯಕಿಯೂ ನನ್ನ ಮುಖ ನೋಡಿ ಅಳಲಿಲ್ಲ. ಹಗ್ಗ ನೋಡಿಕೊಂಡು ಅತ್ತರು.