ಬ್ಯಾರನ್ನಿನಲ್ಲಿ ಒಣಗಿದ ಹಳದಿ

ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚಿದಾಗಲೆಲ್ಲ ಕಂಡಕ್ಟರರ ದೃಷ್ಟಿ ನನ್ನ ಮುಖವನ್ನು ಬಿಟ್ಟು ಬೆರಳುಗಳ ಮೇಲೆ ಕ್ಷಣಕಾಲ ತಂಗುತ್ತಿತ್ತು. ದಾಳಿಂಬೆ ಸಿಪ್ಪೆ ಕುದಿಸಿದ ವಾರ ಅವು ಕಂದು, ಈರುಳ್ಳಿ ಸಿಪ್ಪೆಯ ವಾರ ತಾಮ್ರವರ್ಣ, ತೇಗದ ಎಳೆಯೆಲೆ ಸಿಕ್ಕಿತೆಂದರೆ ಈಗಷ್ಟೇ ಯಾರನ್ನೋ ಮುಗಿಸಿ ಬಂದವಳಂತೆ ಕೆಂಪು. ಹುಣಸೂರಿನ ಸಂತೆಯಲ್ಲಿ ಸೊಪ್ಪು ಮಾರುವವಳೊಬ್ಬಳು, "ಮದ್ವೆ ಮನೆಯಾ ಅಕ್ಕ, ಅರಿಸಿನ ಇಂಗೆ ಅಂಟ್ಕಂಡದೆ" ಎಂದಾಗ, ಬಟ್ಟೆಗೆ ಬಣ್ಣ ಕಟ್ಟುವ ಶಾಸ್ತ್ರವನ್ನು ಅವಳಿಗೆ ವಿವರಿಸುವ ಬದಲು ಹೌದೆಂದುಬಿಟ್ಟು, ಒಂದು ಹಿಡಿ ಕೊತ್ತಂಬರಿಯನ್ನು ಪುಕ್ಕಟೆಯಾಗಿ ಸಂಪಾದಿಸಿದ್ದೂ ಉಂಟು.

ಹನಗೋಡಿನ ಸಮೀಪದ ನಮ್ಮ ಮನೆಯಲ್ಲಿ ಈ ಹವ್ಯಾಸಕ್ಕೆ ಪ್ರತ್ಯೇಕ ಕೋಣೆಯಾಗಲಿ, ಪ್ರತ್ಯೇಕ ಗೌರವವಾಗಲಿ ಯಾವತ್ತೂ ಇರಲಿಲ್ಲ. ಅನ್ನ ಇಳಿದ ಮೇಲೆ ಬಣ್ಣದ ಪಾತ್ರೆ ಒಲೆಯೇರಬೇಕು, ಸಾರು ಏರುವ ಮುನ್ನ ಅದು ಇಳಿಯಬೇಕು. ನನ್ನ ಯಜಮಾನರು ಇಂದಿಗೂ ಮುಚ್ಚಳ ತೆಗೆದು ಪರೀಕ್ಷಿಸಿಯೇ ಬಡಿಸಿಕೊಳ್ಳುತ್ತಾರೆ; ಅವರ ಬನಿಯನ್ನುಗಳೆಲ್ಲ ನಸುಗುಲಾಬಿಯಾದದ್ದು ಕಲೆಯ ಅನಿವಾರ್ಯ ಪರಿಣಾಮವೆಂಬ ನನ್ನ ವಾದವನ್ನು ಅವರು ಮನಸಾರೆ ಒಪ್ಪಿದಂತಿಲ್ಲ. ಇನ್ನು ಅತ್ತೆಯವರ ಬೆರಳುಗಳದ್ದು ಒಂದೇ ಬಣ್ಣ, ಕಪ್ಪು. ಹೊಗೆಸೊಪ್ಪಿನ ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟುತ್ತಲೇ ಸವೆದ ಆಯುಷ್ಯದ ಅಂಟು ಅದು, ಯಾವ ಸೋಪಿಗೂ ಬಗ್ಗದು. ಸಂಜೆ ಜಗಲಿಯಲ್ಲಿ ನಾನು ಸೂಜಿ ಹಿಡಿದು ಕೂತರೆ ಅವರು ಎದುರಿಗೆ ಕೂತು, "ನಿಂದು ಒಟ್ಟೆ ತುಂಬಿದ ಮ್ಯಾಲಿನ ದಾರ ಕಣಮ್ಮಿ, ನಂದು ಒಟ್ಟೆ ತುಂಬ್ಸೋ ದಾರ" ಎನ್ನುವರು. ಎನ್ನುತ್ತಲೇ ನಾನು ಹಾಕಿದ ಹೊಲಿಗೆಯ ಮೇಲೆ ಆ ಕಪ್ಪು ಬೆರಳನ್ನು ಮೆಲ್ಲಗೆ ಓಡಿಸುವರು.

ಇಲ್ಲಿ ವಾಸನೆಯ ವಿಷಯವನ್ನೂ ಹೇಳಬೇಕು. ನಾನು ಚುಂಚನಕಟ್ಟೆ ಕಡೆಯ ಗದ್ದೆಯೂರಿನವಳು. ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಗೊಳಿಸುವ ಎತ್ತರದ ಕಟ್ಟಡಕ್ಕೆ ಹನಗೋಡಿನ ಕಡೆ ಬ್ಯಾರನ್ ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅದರ ಒಲೆಗೆ ಬೆಂಕಿ ಹಾಕಿದರೆ ಸಾಕು, ನನಗೆ ಊಟ ಸೇರುತ್ತಿರಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡರೆ ಸೆರಗಿಗೂ ಅದೇ ಘಾಟು. ಆಮೇಲೆ ಯಾವ ವರ್ಷವೋ ಏನೋ, ಬ್ಯಾರನ್ ಉರಿಯುತ್ತಿತ್ತು, ವಾಸನೆ ಇರಲಿಲ್ಲ. ನಾನು ಈ ಮನೆಯವಳಾದೆನೆಂಬುದಕ್ಕೆ ಬೇರೆ ಪುರಾವೆ ಬೇಕೆನಿಸಿಲ್ಲ.

ಹೋದ ಮಳೆಗಾಲ ಕೆ.ಆರ್. ನಗರಕ್ಕೆ ಕೊಟ್ಟಿರುವ ಮಗಳು ಸುಮಳಿಗೆ ಹೆರಿಗೆಯಿತ್ತು. ಬ್ಯಾರನ್ನಿನ ಹೊಗೆ ಎಳೆಗೂಸಿಗೆ ಒಗ್ಗದೆಂದು ಬಾಣಂತನವನ್ನು ಅವಳ ಮನೆಯಲ್ಲೇ ಇಟ್ಟುಕೊಂಡೆವು. ನಾನು ಹೋಗುವುದು, ಮಂಡಿನೋವಿನ ಅತ್ತೆ ಊರಲ್ಲೇ ಉಳಿಯುವುದು. ನಮ್ಮಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಹಾಕುವುದಿಲ್ಲ, ಮನೆಯ ಹಿರಿಯ ಹೆಂಗಸಿನ ಹಳೆಯ ಸೀರೆಯ ಮೇಲೆ ಮಲಗಿಸುತ್ತೇವೆ. ಅತ್ತೆ ಒಗೆದೊಗೆದು ಬಣ್ಣವೇ ಇಲ್ಲದಂತಾದ ತಮ್ಮ ಹತ್ತಿಯ ಸೀರೆಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿದರು. "ನಂಗಂತೂ ಓಗಕಾಗಕಿಲ್ಲ. ಇದಾದ್ರೂ ಓಗ್ಲಿ ಬುಡು. ಕೂಸು ನನ್ ತೊಡೆ ಮ್ಯಾಲೆ ಮಲಗ್ದಂಗೆ ಆಯ್ತದೆ."

ಅದನ್ನು ಹಾಗೆಯೇ ಮಡಚಿ ಒಯ್ಯಬಹುದಿತ್ತು. ಆದರೆ ಸೂಜಿ ಹಿಡಿದು ಅಭ್ಯಾಸವಾದ ಕೈ ಸುಮ್ಮನಿರಬೇಕಲ್ಲ. ಪೇಟೆಯಲ್ಲಿ ಮಾರಾಟವಾಗದೆ ಉಳಿದ ಚೆಂಡುಹೂ ತಂದು ಕುದಿಸಿ, ಪಟಿಕದ ನೀರಿನಲ್ಲಿ ನೆನೆಸಿದ್ದ ಸೀರೆಯನ್ನು ಅದರಲ್ಲಿ ಅದ್ದಿದೆ. ಎಳೆಬಿಸಿಲಿನಂಥ ಹಳದಿ ಬಂತು. ಬಾರದೆ ಹೋದದ್ದು ನಿಜವಾದ ಬಿಸಿಲು. ಮಳೆ ಹಿಡಿದದ್ದು ಬಿಡಲಿಲ್ಲ, ಹೊರಡುವ ದಿನ ಹತ್ತಿರವಾಯಿತು. ಕಡೆಗೆ ಅತ್ತೆಯೇ, "ಬ್ಯಾರನ್ನಿಂದ ಸೊಪ್ಪು ಇಳಿಸವ್ರೆ, ಗ್ವಾಡೆ ಇನ್ನೂ ಬೆಚ್ಗದೆ, ಅಲ್ಲಿ ನೇತಾಕು" ಎಂದರು. ಮಳೆಗಾಲದಲ್ಲಿ ನಮ್ಮ ಹಪ್ಪಳ, ಮೆಣಸಿನಕಾಯಿ, ಸ್ವತಃ ಸುಮಳ ಸ್ಕೂಲ್ ಯೂನಿಫಾರಂ ಎಲ್ಲವೂ ಒಣಗಿದ್ದು ಅಲ್ಲೇ. ಸೀರೆಯೂ ಒಂದೇ ದಿನಕ್ಕೆ ಗರಿಗರಿಯಾಯಿತು. ಪದರ ಮಾಡಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ, ಅಂಚಿಗೆ ಮೀನಿನ ಸಾಲು ಬಿಡಿಸಿ ಕೌದಿ ಮುಗಿಸಿದೆ. ಕೂಸಿನ ವಸ್ತುವಲ್ಲವೇ ಎಂದು ನಾನು ಮೂಸಿದೆ, ಅತ್ತೆ ಮೂಸಿದರು, ಯಜಮಾನರು ಸಾರಿಗಿಂತ ಶ್ರದ್ಧೆಯಿಂದ ಮೂಸಿದರು. ಯಾವ ವಾಸನೆಯೂ ಇಲ್ಲವೆಂದು ಸರ್ವಾನುಮತದ ತೀರ್ಪಾಯಿತು. ತೀರ್ಪು ಕೊಟ್ಟವರೆಲ್ಲ ಅದೇ ಬ್ಯಾರನ್ನಿನ ನೆರಳಲ್ಲಿ ಬದುಕಿದವರೆಂಬುದು ಯಾರಿಗೂ ಹೊಳೆಯಲಿಲ್ಲ.

ಸುಮ ಕೌದಿ ಬಿಡಿಸಿದಳು, ಮೀನುಗಳನ್ನು ಮುಟ್ಟಿ ನಕ್ಕಳು, ಮುಖಕ್ಕೆ ಒತ್ತಿಕೊಂಡಳು. ಹಾಗೇ ಕೆಳಗಿಟ್ಟಳು. "ಅಮ್ಮ, ಒಗೆಸೊಪ್ಪಿನ ವಾಸನೆ ಕಣಮ್ಮ. ಪಾಪುಗೆ ಬ್ಯಾಡ." ಸೀಗೆಪುಡಿ ಹಾಕಿ ಒಗೆದೆ, ನಿಂಬೆಹಣ್ಣು ಹಿಂಡಿ ಒಗೆದೆ. ಪ್ರತಿ ಸಲವೂ ಅವಳು ಮೂಸಿ, ನನಗೆ ನೋವಾಗದ ಹಾಗೆ ತಲೆಯಾಡಿಸುತ್ತಿದ್ದಳು. ಅವಳ ಮೇಲೆ ಕೋಪ ಬಂದಿದ್ದರೆ ಸಲೀಸಾಗಿತ್ತು, ಬರಲಿಲ್ಲ. ಮದುವೆಯಾಗಿ ಬಂದು ನಾನು ಕಳೆದುಕೊಂಡ ಮೂಗನ್ನು ಮದುವೆಯಾಗಿ ಹೋಗಿ ಅವಳು ಪಡೆದುಕೊಂಡಿದ್ದಳು, ಅಷ್ಟೆ. ಕೂಸು ಬೀಗಿತ್ತಿಯವರ ಹಳೆಯ ಸೀರೆಯ ಮೇಲೆ ಸುಖವಾಗಿ ನಿದ್ದೆ ಮಾಡಿತು. ಅದನ್ನು ನೋಡಿ ಸಂತೋಷಪಡಬೇಕಾದವಳು ನಾನು, ಪಕ್ಕದ ಕೋಣೆಗೆ ಹೋಗಿ ಅತ್ತುಬಿಟ್ಟೆ.

ಬಾಣಂತನ ಮುಗಿಸಿಕೊಂಡು ಊರಿಗೆ ಬಂದಾಗ ಗೇಟಿನಲ್ಲೇ ಆ ಘಾಟು ಬಡಿಯಿತು, ಹೊಸ ಸೊಸೆಗೆ ಬಡಿದಿದ್ದ ಹಾಗೇ. ಅತ್ತೆ ಕುಂಟುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈಯಿಂದಲೂ ಅದೇ ವಾಸನೆ.

"ಕೂಸು ಅದ್ರ ಮ್ಯಾಲೆ ಮಲಗ್ತದಾ?"

"ಮಲಗುತ್ತೆ ಅತ್ತೆ."

"ಉಚ್ಚೆ ಉಯ್ತದಾ?"

"ದಿನಾ."

ಅವರು ಬೊಚ್ಚುಬಾಯಿ ತುಂಬ ನಕ್ಕರು. "ಅಂಗಾರೆ ಸರಿ ಕಣಮ್ಮಿ. ನನ್ ತೊಡೆ ಮ್ಯಾಲೇ ಉಯ್ದಂಗಾಯ್ತು." ಕೌದಿ ನನ್ನ ಕಾಲ ಬಳಿಯ ಬ್ಯಾಗಿನಲ್ಲಿ, ಸೀರೆಗಳ ಅಡಿಯಲ್ಲಿತ್ತು.

ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ಕೆಲವು ದಿನ ಕದ್ದು ತೆಗೆದು ಮೂಸುತ್ತಿದ್ದೆ. ಹೊಗೆಸೊಪ್ಪೂ ಅತ್ತೆಯೂ ಒಂದೇ ವಾಸನೆಯಾಗಿ ಅದರಲ್ಲಿದ್ದರು. ಒಂದು ಬೆಳಿಗ್ಗೆ ಮುಖ ಹುದುಗಿಸಿದರೆ ಏನೂ ಇಲ್ಲ, ಬರೀ ಬಟ್ಟೆ. ನಾನು ಮತ್ತೆ ಈ ಮನೆಯವಳಾಗಿದ್ದೆ.

ಅತ್ತೆ ಇನ್ನೊಂದು ಸೀರೆ ತೆಗೆದಿಟ್ಟಿದ್ದಾರೆ. ದಿನಾ ಉಯ್ಯುವ ಕೂಸಿಗೆ ಒಂದು ಸಾಲದಂತೆ. ಯಾವಾಗ ಬಣ್ಣ ಹಾಕುತ್ತೀಯ ಎಂದು ಕೇಳುತ್ತಲೇ ಇರುತ್ತಾರೆ. ಚೆಂಡುಹೂ ಸಿಗಲಿ ಅತ್ತೆ ಎನ್ನುತ್ತಲೇ ಇರುತ್ತೇನೆ. ಹುಣಸೂರಿನ ಪೇಟೆಯಲ್ಲಿ ಈಗ ಚೆಂಡುಹೂ ರಾಶಿ ರಾಶಿ ಬಿದ್ದಿದೆ. ಒಲೆಯ ಮೇಲೆ ಸಾರು ಮಾತ್ರ ಕುದಿಯುತ್ತದೆ, ಉಗುರುಗಳೆಲ್ಲ ಬೆಳ್ಳಗಾಗಿವೆ. ಬಸ್ಸಿನಲ್ಲಿ ಕಂಡಕ್ಟರು ಈಗ ನನ್ನ ಬೆರಳುಗಳನ್ನು ನೋಡುವುದಿಲ್ಲ. ಅತ್ತೆ ನೋಡುತ್ತಾರೆ.