ನೋಟೀಸ್ ಬೋರ್ಡಿನ ಬೀಗದ ಕೈ

ಈ ಬೆಳಿಗ್ಗೆ ಕನ್ನಡಕದ ಸ್ಕ್ರೂ ಹುಡುಕುತ್ತ ಹಳೆಯ ಬಿಸ್ಕತ್ ಡಬ್ಬಿ ಸುರಿದೆ. ಗುಂಡಿ, ಸೂಜಿ, ನಿಂತುಹೋದ ಗಡಿಯಾರದ ನಡುವೆ ಉಗುರಿನಷ್ಟು ಚಿಕ್ಕ ಬೀಗದ ಕೈ. ಯಾವುದರದ್ದೆಂದು ತಕ್ಷಣ ಗೊತ್ತಾಯಿತು. ನೆನಪು ಇಷ್ಟು ಚುರುಕಾಗಿ ಕೆಲಸ ಮಾಡಿದರೆ ನನಗೆ ಅನುಮಾನ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಒಂದು ವಾಚನಾಲಯವಿದೆ. ಎರಡು ಉದ್ದದ ಮೇಜು, ಒಂದಿಷ್ಟು ಪತ್ರಿಕೆ, ಗಾಜಿನ ಬಾಗಿಲಿನ ನೋಟೀಸ್ ಬೋರ್ಡು. ಬೇರೆ ಯಾರೂ ಒಪ್ಪದ ಕಾರಣ ನಾನು ಅದರ ಕಾರ್ಯದರ್ಶಿಯಾಗಿದ್ದೆ. ಆದರೂ ಬೋರ್ಡಿನ ಬೀಗದ ಕೈಯನ್ನು ಖಜಾನೆಯದೆಂಬಂತೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಸಿದ್ದೇಗೌಡರು ದಿನವೂ ಹಿನಕಲ್‌ನಿಂದ ಬಸ್ಸು ಹತ್ತಿ ಬರುತ್ತಿದ್ದರು. ಹೊಲವೆಲ್ಲ ಸೈಟುಗಳಾದ ಮೇಲೆ ಬೆಳಗಿನ ಹೊತ್ತು ಅವರಿಗೆ ಹೋಗಲು ಜಾಗವಿರಲಿಲ್ಲ. "ಮನೇಲಿದ್ರೆ ಸೊಸೆ ಕಾಲ್ಕಾಲಿಗೆ ಸಿಗ್ತೀನಿ ಕಣ್ರೀ."

"ಹಿನಕಲ್ಲಲ್ಲಿ ಪೇಪರ್ ಸಿಗಲ್ವೇ ಗೌಡರೇ?"

"ಸಿಗ್ತದೆ. ಅಲ್ಲಿ ಎಲ್ರೂ ಮಾತಾಡಿಸ್ತಾರೆ, ಓದಕ್ಕೆ ಬುಡಲ್ಲ."

ಕೆಲವು ವಾರಗಳಿಂದ ಪತ್ರಿಕೆಗಳಲ್ಲಿ ಚೌಕಾಕಾರದ ತೂತುಗಳು ಕಾಣುತ್ತಿದ್ದವು. ಒಂದು ದಿನ ಗೌಡರು ಬ್ಲೇಡು ಸಮೇತ ಸಿಕ್ಕಿಬಿದ್ದರು.

ಕತ್ತರಿಸಿದ್ದು ಪದಬಂಧ. ಈ ಸಂಗತಿಯನ್ನು ಒಂದೆರಡು ಕಡೆ ಹೇಳುವಾಗ, ತೀರಿಕೊಂಡ ಹೆಂಡತಿಯ ಶ್ರದ್ಧಾಂಜಲಿಯ ಫೋಟೋ ಎಂದು ಹೇಳಿದ್ದೇನೆ. ಕೇಳಿದವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಸುಳ್ಳು. ಅವರ ಹೆಂಡತಿ ಆಗ ಗಟ್ಟಿಮುಟ್ಟಾಗಿದ್ದರು. ಒಬ್ಬ ಮನುಷ್ಯನನ್ನು ಕ್ಷಮಿಸುವುದಕ್ಕೆ ನಮಗೆ ಅಷ್ಟು ದೊಡ್ಡ ದುಃಖ ಯಾಕೆ ಬೇಕೋ!

ಸಮಿತಿ ಸೇರಿತು. "ಇವತ್ತು ಪದಬಂಧ, ನಾಳೆ ಪುಸ್ತಕ," ಎಂದರು ಅಧ್ಯಕ್ಷರು. ಭಾನುವಾರದ ಪುರವಣಿಗಳು ಪ್ರತಿ ವಾರ ಅವರ ಮನೆಗೇ ಹೋಗುತ್ತಿದ್ದವು. ನಾನು ಒಯ್ದ ದೀಪಾವಳಿ ವಿಶೇಷಾಂಕ ಈಗಲೂ ನನ್ನ ಕಪಾಟಿನಲ್ಲಿದೆ. ನಾವು ಬ್ಲೇಡು ಬಳಸುತ್ತಿರಲಿಲ್ಲ, ಇಡಿಯಾಗಿ ಒಯ್ಯುತ್ತಿದ್ದೆವು. ಗೌಡರಿಗೆ ಒಂದು ತಿಂಗಳು ಪ್ರವೇಶವಿಲ್ಲವೆಂದು ತೀರ್ಮಾನವಾಯಿತು. ನನ್ನ ಅಕ್ಷರ ದುಂಡಗಿದೆಯೆಂದು ನೋಟೀಸನ್ನು ನಾನೇ ಬರೆದು ಗಾಜಿನೊಳಗೆ ಹಾಕಿ ಬೀಗ ಹಾಕಿದೆ.

ಮರುದಿನವೂ ಅವರು ಬಂದರು. ಕಿಟಕಿಯ ಸರಳು ಹಿಡಿದು ಆಚೆಯಿಂದಲೇ, "ತಪ್ಪಾಯ್ತು ಸ್ವಾಮಿ. ಎಸ್ರು ಬರ್ದು ನೇತಾಕ್ಬುಟ್ರೆ ಎಂಗೆ? ಒಂದ್ಸಲ ಬುಟ್ಬುಡಿ, ಇನ್ಮೇಲೆ ಬ್ಲೇಡ್ ಮುಟ್ಟಲ್ಲ," ಎಂದರು. "ನೋಡೋಣ," ಎಂದೆ.

ತಿಂಗಳು ಕಳೆಯಿತು. ನೋಟೀಸು ತೆಗೆಯಲು ಮರೆತೆ. ಆಮೇಲೆ ಬೀಗದ ಕೈ ಕಳೆಯಿತು. ನನ್ನ ತಪ್ಪು ಇಷ್ಟೇ ಎಂದು ನಂಬಿಕೊಂಡಿದ್ದೆ. ಗೌಡರು ಎದುರಿನ ಹೊಂಗೆಮರದ ಕೆಳಗೆ ಕೂತಿರುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ, "ಆರ್ಡರ್ ಬಂತಾ ಸ್ವಾಮಿ?" ಎನ್ನುತ್ತಿದ್ದರು. ಚೇಷ್ಟೆಯೆಂದುಕೊಂಡು ನಾನೂ ನಗುತ್ತಿದ್ದೆ. ಯಾವಾಗಲೋ ಬರುವುದನ್ನು ನಿಲ್ಲಿಸಿದರು.

ಇವತ್ತು ಬೀಗದ ಕೈ ಹಿಡಿದು ವಾಚನಾಲಯಕ್ಕೆ ಹೋದೆ. ಕಸ ಗುಡಿಸುವ ಪುಟ್ಟಮ್ಮ, "ಆ ಹಳೇ ಬೋರ್ಡಾ ಸಾರ್? ಬೀಗ ತೆಗೆಯಕ್ಕಾಗ್ದೆ ಹಿಂದ್ಗಡೆ ನಿಲ್ಸವ್ರೆ," ಎಂದಳು.

"ಸಿದ್ದೇಗೌಡರು ಇತ್ತ ಬಂದಿದ್ರಾ?"

"ಎಲ್ಲಿ ಸಾರ್! ಅವ್ರು ತೀರೋಗಿ ಎರಡು ವರ್ಸ ಆಯ್ತಲ್ಲ."

ಬೀಗ ತೆರೆಯಿತು. ಕಾಗದ ಹಳದಿಯಾಗಿತ್ತು, ಅಕ್ಷರ ಹಾಗೇ ದುಂಡಗಿತ್ತು. ಎರಡು ಸಲ ಓದಿದೆ. ಒಂದು ತಿಂಗಳೆಂಬ ಮಾತು ಎಲ್ಲೂ ಇರಲಿಲ್ಲ. "ಮುಂದಿನ ಆದೇಶದವರೆಗೆ ಪ್ರವೇಶವಿಲ್ಲ." ಕೆಳಗೆ ನನ್ನ ಸಹಿ. ಸಮಿತಿ ಹೇಳಿದ ತಿಂಗಳು ನನಗೆ ಸಪ್ಪೆ ಎನಿಸಿ ಹೀಗೆ ಬರೆದೆನೋ, ಅಥವಾ ಆ ತಿಂಗಳನ್ನೇ ನಾನು ಆಮೇಲೆ ಕಟ್ಟಿಕೊಂಡೆನೋ, ಈಗ ಹೇಳಲಾರೆ. ಗೌಡರು ಚೇಷ್ಟೆ ಮಾಡುತ್ತಿರಲಿಲ್ಲ. ನೋಟೀಸನ್ನು ಸರಿಯಾಗಿ ಓದಿದ್ದವರು ಅವರೊಬ್ಬರೇ.

"ಬೇಕಾದ್ದಾ ಸಾರ್, ಗುಡಿಸ್ಬುಡ್ಲಾ?" ಎಂದಳು ಪುಟ್ಟಮ್ಮ, ಪೊರಕೆ ಹಿಡಿದು.

ಗುಡಿಸಬೇಡವೆಂದು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಖಾಲಿ ಬೋರ್ಡಿಗೆ ಮತ್ತೆ ಬೀಗ ಹಾಕಿ ಬಂದಿದ್ದೇನೆಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು.